ಜಲಾಂತರ್ಗಾಮಿ ಮತ್ತು ಅಜ್ಜಿಯ ಮನೆ



ಕಳೆದ ಭಾನುವಾರ ಕ್ಯುಪರ್ಟಿನೋದಿಂದ ಮಕ್ಕಳನ್ನು ಕರೆದುಕೊಂಡು ಸ್ಯಾನ್ ಫ್ರಾನ್ಸಿಸ್ಕೋದ ಫಿಶರ್‌ಮನ್ಸ್ ವಾರ್ಫ್‌ಗೆ ಹೋಗಿದ್ದೆವು. ಎರಡನೇ ಮಹಾಯುದ್ಧದ 'ಪಂಪಾನಿಟೋ' ಜಲಾಂತರ್ಗಾಮಿ ಅಲ್ಲೀಗ ವಸ್ತುಸಂಗ್ರಹಾಲಯ. ಅದರೊಳಗೆಲ್ಲ ಸುತ್ತಿ ಬಂದ ಮಗಳು ಕೇಳಿದಳು, "ಅಪ್ಪಾ, ಇಂಡಿಯಾದಲ್ಲೂ ಇಂಥದ್ದು ಇದೆಯಾ?"

ಯಾಕಿಲ್ಲ! ಫ್ರಾನ್ಸಿನ ತಂತ್ರಜ್ಞಾನದಿಂದ ಆರು ಸ್ಕಾರ್ಪೀನ್ ಜಲಾಂತರ್ಗಾಮಿಗಳನ್ನು ಮುಂಬಯಿಯಲ್ಲಿ ಕಟ್ಟಲು 2005ರಲ್ಲಿ ಒಪ್ಪಂದವಾಯಿತು. ಮೊದಲನೆಯದಾದ 'ಕಲ್ವರಿ' ನೌಕಾಪಡೆಗೆ ಸೇರಿದ್ದು 2017ರ ಡಿಸೆಂಬರ್‌ನಲ್ಲಿ. ಆರನೆಯ 'ವಾಗ್‌ಶೀರ್' 2025ರ ಜನವರಿಯಲ್ಲಿ. ಡೀಸೆಲ್ ಎಂಜಿನ್ ಬ್ಯಾಟರಿಗಳನ್ನು ಚಾರ್ಜ್ ಮಾಡುತ್ತದೆ. ನೀರಿನಡಿಯಲ್ಲಿ ಬ್ಯಾಟರಿಯಿಂದಲೇ ಓಡುವುದರಿಂದ ಸದ್ದು ಬಹಳ ಕಡಿಮೆ. 2022ರ ಮೇ ತಿಂಗಳಲ್ಲಿ ರಕ್ಷಣಾ ಸಚಿವ ರಾಜನಾಥ್ ಸಿಂಗ್ ಎರಡನೆಯದಾದ 'ಖಂಡೇರಿ'ಯಲ್ಲಿ ಸಮುದ್ರಕ್ಕಿಳಿದದ್ದು ನಮ್ಮ ಕಾರವಾರದಿಂದಲೇ.

ಆದರೆ ಕಾರವಾರದ 'ಕದಂಬ' ನೌಕಾನೆಲೆ ಬರಿದಾದ ಜಾಗದಲ್ಲಿ ಎದ್ದದ್ದಲ್ಲ. ಸೀಬರ್ಡ್ ಯೋಜನೆಗೆ 1986ರಲ್ಲಿ ಶಂಕುಸ್ಥಾಪನೆಯಾಯಿತು. ಕಾರವಾರ, ಅಂಕೋಲೆ ಕಡೆಯ ಸಾವಿರಾರು ಕುಟುಂಬಗಳು ಮನೆ, ಗದ್ದೆ, ದೋಣಿ ಎಳೆಯುತ್ತಿದ್ದ ದಂಡೆ ಎಲ್ಲವನ್ನೂ ಬಿಟ್ಟು ಎದ್ದವು. ನೆಲೆ ಕಾರ್ಯಾರಂಭ ಮಾಡಿದ್ದು 2005ರ ಮೇ 31ರಂದು.

ಅಮ್ಮನ ತವರೂ ಹಾಗೆ ಹೋಯಿತು. ಹೊಸ ಮನೆಗೆ ಬಂದ ಮೇಲೂ ಅಜ್ಜಿ ಬೆಳಿಗ್ಗೆ ಎದ್ದವಳೇ ಪಡುವಣಕ್ಕೆ ಮುಖ ಮಾಡಿ ನಿಲ್ಲುತ್ತಿದ್ದಳು, ಕಡಲು ಕಾಣದಿದ್ದರೂ.

"ಹಾಗಾದರೆ ಅಜ್ಜಿಯ ಮನೆ ಈಗೆಲ್ಲಿ?" ಎಂದಳು ಮಗಳು. ಬೇಲಿಯ ಆಚೆ, ಎಂದೆ.

ಹೊಸ ನೌಕೆ ಸೇರಿದಾಗ ನಮಗೆಲ್ಲ ಹೆಮ್ಮೆ, ಇರಲಿ. ಆ ಹೆಮ್ಮೆಯಲ್ಲಿ ಊರು ಬಿಟ್ಟವರಿಗೂ ಒಂದು ಪಾಲು ಇರಬೇಕಲ್ಲವೇ? ಏನಂತೀರಿ?