ಅರ್ಕಾವತಿ ಬತ್ತಿದ್ದು ಎಲ್ಲಿ?

ನಂದಿ ಬೆಟ್ಟದಲ್ಲಿ ಹುಟ್ಟಿ, ಹೆಸರಘಟ್ಟ, ತಿಪ್ಪಗೊಂಡನಹಳ್ಳಿ, ರಾಮನಗರ, ಕನಕಪುರ ದಾಟಿ ಸಂಗಮದಲ್ಲಿ ಕಾವೇರಿಯನ್ನು ಸೇರುವ ಹೊಳೆ ಅರ್ಕಾವತಿ. ಬೆಂಗಳೂರಿನ ನಲ್ಲಿಗಳಿಗೆ ಮೊದಲು ನೀರು ಕೊಟ್ಟವಳು ಇವಳೇ: 1890ರ ದಶಕದಲ್ಲಿ ಹೆಸರಘಟ್ಟದಿಂದ, 1933ರ ನಂತರ ತಿಪ್ಪಗೊಂಡನಹಳ್ಳಿಯಿಂದ. ಇಂದು ದೊಡ್ಡಬಳ್ಳಾಪುರದ ಸೀಮೆಯಲ್ಲಿ ಹೊಳೆ ಎಲ್ಲಿತ್ತು ಎಂದು ಹಿರಿಯರನ್ನು ಕೇಳಿ ತಿಳಿಯಬೇಕು. ಏಕೆ ಬತ್ತಿತು ಎಂದರೆ ಎಲ್ಲರ ಬಳಿಯೂ ಉತ್ತರವಿದೆ. ಆದರೆ ರೋಗ ಒಂದು, ಮದ್ದು ಇನ್ನೊಂದು ಆಗಿಬಿಟ್ಟರೆ ಹೊಳೆ ಉಳಿಯುವುದಿಲ್ಲ.

“ಮೊದಲಿನ ಹಾಗೆ ಮಳೆಯೇ ಆಗುತ್ತಿಲ್ಲ”

ಇದು ಎಲ್ಲಕ್ಕಿಂತ ಗಟ್ಟಿಯಾಗಿ ಬೇರೂರಿದ ನಂಬಿಕೆ. ಬೆಂಗಳೂರಿನ ಏಟ್ರೀ ಸಂಸ್ಥೆಯ ಸಂಶೋಧಕರು ಮತ್ತವರ ಸಹೋದ್ಯೋಗಿಗಳು ತಿಪ್ಪಗೊಂಡನಹಳ್ಳಿಯ ಜಲಾನಯನವನ್ನು ಅಧ್ಯಯನ ಮಾಡಿ 2015ರಲ್ಲಿ ವರದಿ ಪ್ರಕಟಿಸಿದರು. ಮಳೆ ಕುಗ್ಗಿದೆಯೇ, ಬಿಸಿಲು ಏರಿದೆಯೇ, ಕೊಳವೆಬಾವಿ ಕಾರಣವೇ, ನೀಲಗಿರಿಯೇ, ಅಡ್ಡಗಟ್ಟೆಗಳೇ ಎಂದು ಒಂದೊಂದನ್ನೇ ಒರೆಗೆ ಹಚ್ಚಿದರು. ಹೊಳೆ ಬತ್ತಿದ್ದಕ್ಕೆ ಮಳೆ, ಬಿಸಿಲಿಗಿಂತ ಅಂತರ್ಜಲ ಎತ್ತಿದ್ದು ಮತ್ತು ನೀಲಗಿರಿ ಹಬ್ಬಿದ್ದೇ ಕಾರಣ ಇರಬೇಕು, ಅಡ್ಡಗಟ್ಟೆಗಳ ಪಾಲು ಅದಕ್ಕಿಂತ ಕಡಿಮೆ ಎಂಬುದು ಅವರು ಕಂಡದ್ದು.

ಮಳೆ ನಿಂತ ಮೇಲೂ ಹೊಳೆ ಹರಿಯುವುದು ಹೇಗೆ ಎಂದು ಯೋಚಿಸಿದರೆ ಇದು ಅರ್ಥವಾಗುತ್ತದೆ. ಮಳೆಗಾಲದಲ್ಲಿ ನೆಲಕ್ಕೆ ಇಳಿದ ನೀರು ಮಣ್ಣು ಮತ್ತು ಬಿರುಕುಬಿಟ್ಟ ಕಲ್ಲಿನ ಪದರದಲ್ಲಿ ನಿಂತು, ತಗ್ಗಿನಲ್ಲಿ ಒರತೆಯಾಗಿ ಜಿನುಗಿ, ಹಳ್ಳಕ್ಕೆ ಬೀಳುತ್ತಿತ್ತು. ಕೈಗೆಟಕುವ ಬಾವಿಯ ನೀರೂ ಹೊಳೆಯ ನೀರೂ ಒಂದೇ ಒಡಲಿನವು. ಆ ಬಾವಿಗಳು ಬರಿದಾಗಿ ಕೊಳವೆಬಾವಿ ಸಾವಿರ ಅಡಿ ದಾಟಿದ ಮೇಲೆ ಹಳ್ಳಕ್ಕೆ ಜಿನುಗಲು ಏನಿದೆ? ಈಗ ಬೀಳುವ ಮಳೆ ಮೊದಲು ಆ ಖಾಲಿ ನೆಲದ ದಾಹ ತೀರಿಸಬೇಕು.

“ಒತ್ತುವರಿ ತೆಗೆದು, ಹೂಳೆತ್ತಿ, ಚೆಕ್‌ಡ್ಯಾಂ ಕಟ್ಟಿದರೆ ಸಾಕು”

ರಾಜಕಾಲುವೆ ಬಿಡಿಸುವುದು ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ತೆರವಾದ ಕಾಲುವೆಯಲ್ಲಿ ಹರಿಯುವುದು ಜೋರು ಮಳೆಯ ದಿನದ ನೀರು ಮಾತ್ರ. ಚೆಕ್‌ಡ್ಯಾಂ ಹೊಸ ನೀರನ್ನು ಹುಟ್ಟಿಸುವುದಿಲ್ಲ; ಮೇಲಿನ ಊರಿನಲ್ಲಿ ನಿಲ್ಲಿಸಿದ ನೀರು ಕೆಳಗಿನ ಕೆರೆಗೆ ಬರಬೇಕಾದದ್ದೇ. ನಿಲ್ಲಿಸಿದ ನೀರನ್ನು ನಂಬಿ ಪಕ್ಕದಲ್ಲೇ ಇನ್ನೆರಡು ಬೋರ್ ಕೊರೆಸಿದರೆ ಲೆಕ್ಕ ಮೊದಲಿಗಿಂತ ಕೆಡುತ್ತದೆ.

“ಯಾವ ಮರವಾದರೇನು, ಹಸಿರಾದರೆ ಸಾಕು”

ನೀಲಗಿರಿ ಈ ನಾಡಿಗೆ ಬಂದದ್ದು ಟಿಪ್ಪುವಿನ ಕಾಲದಲ್ಲಿ, ಸುಮಾರು 1790ರಲ್ಲಿ, ನಂದಿ ಬೆಟ್ಟದ ತೋಟಕ್ಕೆ ಎನ್ನುತ್ತಾರೆ. ಅಂದರೆ ಅರ್ಕಾವತಿಯ ತವರಿಗೇ. ನಾಲ್ಕು ಮರಗಳಿದ್ದರೆ ಯಾರಿಗೂ ಕೇಡಿಲ್ಲ. ಆಮೇಲೆ ಸಾಮಾಜಿಕ ಅರಣ್ಯದ ಹೆಸರಿನಲ್ಲಿ ರಾಗಿ ಹೊಲಗಳೇ ತೋಪುಗಳಾದವು. ರಾಗಿ ಕೆಲವೇ ತಿಂಗಳ ಬೆಳೆ, ಕೊಯ್ದ ಮೇಲೆ ನೆಲಕ್ಕೆ ಬಿಡುವು. ನೀಲಗಿರಿಗೆ ಆ ಬಿಡುವಿಲ್ಲ: ವರ್ಷವಿಡೀ ಎಲೆ, ಆಳಕ್ಕಿಳಿವ ಬೇರು. ಕಡಿದರೆ ಬುಡದಿಂದ ಮತ್ತೆ ಚಿಗುರುತ್ತದೆ. ಕೂಲಿ ಆಳು ಸಿಗದ, ಪೇಟೆಯಲ್ಲಿ ಕೆಲಸ ಹಿಡಿದ ರೈತನಿಗೆ ಅದು ಕಾವಲು ಬೇಡದ ಆದಾಯವಾಗಿತ್ತು. ಅವನನ್ನು ದೂರುವುದು ನನಗೆ ಸರಿ ಕಾಣುವುದಿಲ್ಲ. 2017ರಲ್ಲಿ ಸರ್ಕಾರ ನೀಲಗಿರಿಯನ್ನು ಹೊಸದಾಗಿ ನೆಡುವುದನ್ನು ನಿಷೇಧಿಸಿತು. ಆದರೆ ತೋಪು ಕಿತ್ತ ಜಾಗದಲ್ಲಿ ಬೋರ್ ಕೊರೆದು ಮೂರು ಬೆಳೆ ತೆಗೆದರೆ ಹೊಳೆಗೆ ಸಿಗುವುದೇನೂ ಇಲ್ಲ.

“ಕನಕಪುರದ ಹತ್ತಿರ ಹರಿಯುತ್ತಿದೆಯಲ್ಲ!”

ಹರಿಯುತ್ತಿದೆ. ಅದರಲ್ಲಿ ಬಹುಪಾಲು ಉಪನದಿ ವೃಷಭಾವತಿ ಹೊತ್ತು ತರುವ ಬೆಂಗಳೂರಿನ ಕೊಳಚೆ.

“ನನ್ನ ಹೊಲದ ಬೋರ್, ನನ್ನ ನೀರು”

ಶಾಲೆಗಳಲ್ಲಿ ಗಿಡ ನೆಡಿಸುವ ಉತ್ಸಾಹದಲ್ಲಿ ಕಾಲುಭಾಗ, ನೆಲದಡಿಯ ನೀರು ಊರಿಗೆಲ್ಲ ಒಂದೇ ಎಂಬ ಪಾಠಕ್ಕೆ ಸಿಕ್ಕಿದ್ದರೆ! ಹಿಂದೆ ಕೆರೆಯ ತೂಬು ಎತ್ತಿ ಯಾರ ಗದ್ದೆಗೆ ಎಷ್ಟು ಎಂದು ನೋಡಿಕೊಳ್ಳಲು ನೀರಗಂಟಿ ಇದ್ದ. ಕಣ್ಣಿಗೆ ಕಾಣುವ ನೀರಿಗೆ ಲೆಕ್ಕವಿತ್ತು. ಕಾಣದ ನೀರಿಗೆ ಲೆಕ್ಕವೇ ಇಲ್ಲ. 2019ರಲ್ಲಿ ಶುರುವಾದ ಅಟಲ್ ಭೂಜಲ ಯೋಜನೆ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಈ ಲೆಕ್ಕ ಬರೆಯಬೇಕು ಎಂದಿತು, ಕರ್ನಾಟಕವೂ ಅದರಲ್ಲಿತ್ತು. ಕೆಲಸ ಕಷ್ಟದ್ದಲ್ಲ. ಮುಂಗಾರಿಗೆ ಮೊದಲೊಮ್ಮೆ, ಹಿಂಗಾರು ಮುಗಿದ ಮೇಲೊಮ್ಮೆ ಊರಿನ ನಾಲ್ಕಾರು ಬಾವಿಗಳ ನೀರಿನ ಮಟ್ಟ ಅಳೆದು, ಎರಡೂ ಅಂಕಿಯನ್ನು ಪಂಚಾಯಿತಿ ಗೋಡೆಯ ಮೇಲೆ ಬರೆಯುವುದು. ಹೈಸ್ಕೂಲಿನ ಮಕ್ಕಳು ಮಾಡಬಲ್ಲರು. ಆ ವರ್ಷ ನೀರು ಎಷ್ಟು ಅಡಿ ಏರಿತು ಎಂಬುದು ಎಲ್ಲರಿಗೂ ಕಾಣುತ್ತದೆ. ಬೇಸಿಗೆಗೆ ತರಕಾರಿ ಎಷ್ಟು ಎಕರೆ, ರಾಗಿ ಅವರೆ ಎಷ್ಟು ಎಂಬ ಮಾತು ಆ ಗೋಡೆಯ ಮುಂದೆಯೇ ನಡೆಯಲಿ.