ಮನೆಯೊಳಗಿನ ಚರಿತ್ರೆ



ಶಾಲೆಯ ಕೆಲಸದಿಂದ ವಿಶ್ರಾಂತನಾದ ಮೇಲೆ ನೆರೆಹೊರೆಯ ಗೃಹಸ್ಥರು ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆಯೊಂದುಂಟು. “ಮೇಷ್ಟ್ರೇ, ಹಿಂದಿನ ಕಾಲದ ಸಂಸಾರವನ್ನು ಕಣ್ಣಿಗೆ ಕಟ್ಟುವಂತೆ ತೋರಿಸುವ, ಮನೆಮಂದಿಯೆಲ್ಲ ಓದಬಹುದಾದ ಕಾದಂಬರಿ ಯಾವುದಾದರೂ ಇದ್ದರೆ ಹೇಳಿ.” ಪ್ರಶ್ನೆ ಸಣ್ಣದು, ಉತ್ತರವು ಅಷ್ಟು ಸುಲಭವಲ್ಲ. ಐತಿಹಾಸಿಕವೆಂದು ಹೆಸರಾಂತ ಗ್ರಂಥಗಳಲ್ಲಿ ಅನೇಕವು ಸಿಂಹಾಸನ, ದಂಡಯಾತ್ರೆ, ಒಳಸಂಚುಗಳ ಸುತ್ತಲೇ ತಿರುಗುವುವು. ಅರಸನ ಬಿರುದುಗಳನ್ನು ಶಾಸನವು ಹೇಳುವುದು. ಅವನ ಊರಿನ ಗೃಹಿಣಿಯು ಬರಗಾಲದಲ್ಲಿ ಒಲೆಯ ಮೇಲೆ ಏನನ್ನಿಟ್ಟಳೆಂಬುದನ್ನು ಅದು ಹೇಳದು.

ನಮ್ಮ ಆಲಂಕಾರಿಕರು ಉಪದೇಶವನ್ನು ಮೂರು ಬಗೆಯಾಗಿ ವಿಂಗಡಿಸಿದರು. ವೇದವು ಪ್ರಭುವಿನಂತೆ ಆಜ್ಞಾಪಿಸುವುದು. ಪುರಾಣೇತಿಹಾಸಗಳು ಮಿತ್ರನಂತೆ ತಿಳಿಯಹೇಳುವುವು. ಕಾವ್ಯವು ಕಾಂತೆಯಂತೆ ಮನಸ್ಸನ್ನು ಒಲಿಸಿಕೊಂಡು ಹೇಳುವುದು. ಒಳ್ಳೆಯ ಐತಿಹಾಸಿಕ ಕಾದಂಬರಿಯಲ್ಲಿ ಮಿತ್ರನ ನಿಜವೂ ಕಾಂತೆಯ ಒಲವೂ ಕೂಡಿರತಕ್ಕದ್ದು. ಅಂತಹುದನ್ನು ಗುರುತಿಸಲು ನಾನು ಮೂರು ಪರೀಕ್ಷೆಗಳನ್ನು ಇಟ್ಟುಕೊಂಡಿರುವೆನು.

ಮೊದಲನೆಯದು ಅಡುಗೆಯ ಮನೆಯ ಪರೀಕ್ಷೆ. 12ನೆಯ ಶತಮಾನದ ಹೊಯ್ಸಳರ ಕಾಲದ ಕಥೆಯಲ್ಲಿ ಸಾರಿಗೆ ಮೆಣಸಿನಕಾಯಿಯನ್ನು ಹಾಕಿದರೆ ಆ ಪುಸ್ತಕವನ್ನು ಸಂದೇಹದಿಂದಲೇ ಓದಬೇಕು. ಮೆಣಸಿನಕಾಯಿಯು ಅಮೆರಿಕದ ಬೆಳೆ; 1498ರಲ್ಲಿ ಪೋರ್ತುಗೀಸರು ಕಡಲ ಹಾದಿಯಿಂದ ನಮ್ಮ ತೀರಕ್ಕೆ ಬಂದ ಮೇಲಷ್ಟೆ ಅದು ಈ ನಾಡನ್ನು ಸೇರಿತು. ಅದಕ್ಕೆ ಮೊದಲು ನಮ್ಮ ಖಾರವು ಮೆಣಸು, ಶುಂಠಿ, ಹಿಪ್ಪಲಿಗಳದು. ಎರಡನೆಯದು ಮಾತಿನ ಪರೀಕ್ಷೆ. ಪಾತ್ರಗಳು ಹಳೆಯ ಉಡುಪನ್ನು ತೊಟ್ಟು ಇಂದಿನ ವಿಚಾರಗಳನ್ನೇ ಆಡಬಾರದು. ತಮ್ಮ ಕಾಲದ ಕಟ್ಟುಗಳೊಳಗೆ ನಿಂತೇ ನೊಂದು, ನಕ್ಕು, ದಾರಿಯನ್ನು ಹುಡುಕಬೇಕು. ಮೂರನೆಯದು, ಶಾಸನದಲ್ಲಿ ಹೆಸರಿಲ್ಲದವರಿಗೆ, ಅಂದರೆ ಸೊಸೆಯರಿಗೆ, ವಿಧವೆಯರಿಗೆ, ಆಳುಮಕ್ಕಳಿಗೆ, ಕಥೆಯಲ್ಲಿ ಸ್ಥಾನವಿದೆಯೇ ಎಂಬುದು.

ಈ ಪರೀಕ್ಷೆಗಳಲ್ಲಿ ಗೆದ್ದ ಪುಸ್ತಕಗಳು ನಮ್ಮ ಭಾಷೆಯಲ್ಲಿ ಹಲವುಂಟು. ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ (1941) ಕಡಲತೀರದ ಕೋಡಿ ಗ್ರಾಮದ ಒಂದು ಮನೆತನದ ಮೂರು ತಲೆಮಾರುಗಳ ಕಥೆ. ರಾಮ ಐತಾಳರು ಮನೆಯ ಯಜಮಾನರಾದರೂ, ಆ ಮನೆಯನ್ನು ಹೊತ್ತು ನಿಂತವರು ಹೆಂಡತಿ ಪಾರ್ವತಿಯೂ ವಿಧವೆಯಾದ ತಂಗಿ ಸರಸೋತಿಯೂ ಎಂಬುದನ್ನು ಓದುಗನು ಹೇಳಿಸಿಕೊಳ್ಳದೆಯೇ ಅರಿಯುವನು. ಅರಮನೆಯ ಕಥೆಯೇ ಬೇಕೆನ್ನುವವರು ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ ‘ಚಿಕವೀರ ರಾಜೇಂದ್ರ’ವನ್ನು (1956) ಓದಲಿ. 1834ರಲ್ಲಿ ಕೊಡಗಿನ ರಾಜ್ಯವು ಇಂಗ್ಲಿಷರ ಕೈಸೇರಿದುದು ಚರಿತ್ರೆ. ಒಡಹುಟ್ಟಿದ ತಂಗಿಯೊಡನೆ, ಆಕೆಯ ಗಂಡನೊಡನೆ ಅರಸನು ಕಟ್ಟಿಕೊಂಡ ದ್ವೇಷವು ಆ ಪತನಕ್ಕೆ ಹೇಗೆ ದಾರಿಮಾಡಿತೆಂಬುದು ಕಾದಂಬರಿ. ರಾಣಿ ಗೌರಮ್ಮಾಜಿಯ ತಾಳ್ಮೆಯನ್ನು ಓದಿದವರು ಮರೆಯಲಾರರು.

ಇತ್ತೀಚಿನವುಗಳಲ್ಲಿ ಗೋಪಾಲಕೃಷ್ಣ ಪೈಯವರ ‘ಸ್ವಪ್ನ ಸಾರಸ್ವತ’ವು (2009) ಗೋವೆಯನ್ನು ಬಿಟ್ಟು ದಕ್ಷಿಣಕ್ಕೆ ಬಂದ ಸಾರಸ್ವತ ಕುಟುಂಬಗಳನ್ನು ಕುರಿತದ್ದು, ಇದಕ್ಕೆ 2011ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪುರಸ್ಕಾರ ದೊರೆಯಿತು. ವಸುಧೇಂದ್ರರ ‘ತೇಜೋ-ತುಂಗಭದ್ರಾ’ (2019) ಲಿಸ್ಬನ್ ನಗರದ ಹೊಳೆಯ ದಡದವರ ಬಾಳನ್ನೂ ವಿಜಯನಗರದ ಕಾಲದ ತುಂಗಭದ್ರೆಯ ದಡದವರ ಬಾಳನ್ನೂ ಹೆಣೆಯುವುದು. ಇದರಲ್ಲಿ ಕ್ರೌರ್ಯದ ಪ್ರಸಂಗಗಳುಂಟು. ಆದುದರಿಂದ ಹಿರಿಯರು ಮೊದಲು ಓದಿ, ಬಳಿಕ ಮಕ್ಕಳ ಕೈಗೆ ಕೊಡುವುದು ಲೇಸು.

ಆದರೆ ಒಂದೇ ಪುಸ್ತಕವನ್ನು ಹೇಳಿರೆಂದರೆ ನಾನು ಎಂ. ಕೆ. ಇಂದಿರಾ ಅವರ ‘ಫಣಿಯಮ್ಮ’ವನ್ನು (1976) ಹೇಳುವೆನು. ಮಲೆನಾಡಿನ ಒಂದು ದೊಡ್ಡ ಮನೆಯಲ್ಲಿ ಹುಟ್ಟಿ, ಬಾಲ್ಯದಲ್ಲಿಯೇ ಗಂಡನನ್ನು ಕಳೆದುಕೊಂಡು, ಕೇಶಮುಂಡನಕ್ಕೆ ಒಳಗಾಗಿ, ನೂರು ವರ್ಷಕ್ಕೂ ಮೀರಿ ಬಾಳಿದ ಹೆಣ್ಣೊಬ್ಬಳ ಕಥೆಯಿದು. ಲೇಖಕಿಯು ತಾಯಿಯ ಬಾಯಿಂದ ಕೇಳಿದ ನಿಜವೃತ್ತಾಂತವೇ ಇದಕ್ಕೆ ಆಧಾರ. ಆಕೆ ಯಾರನ್ನೂ ಬಯ್ಯಲಿಲ್ಲ, ಭಾಷಣ ಮಾಡಲಿಲ್ಲ. ಊರಿನ ಬಾಣಂತಿಯರಿಗೆ ಆಸರೆಯಾದಳು. ಮುಪ್ಪಿನಲ್ಲಿ, ತರುಣ ವಿಧವೆಯೊಬ್ಬಳು ತಲೆಬೋಳಿಸಿಕೊಳ್ಳಲು ಒಲ್ಲೆನೆಂದಾಗ ಆಕೆಯ ಪಕ್ಷವನ್ನೇ ವಹಿಸಿದಳು.

ಕೆಲವು ವರ್ಷಗಳ ಹಿಂದೆ ಈ ಪುಸ್ತಕವನ್ನು ಮನೆಯಲ್ಲಿ ಗಟ್ಟಿಯಾಗಿ ಓದುತ್ತಿದ್ದೆನು. ನನ್ನ ಮಗಳು ನಡುವೆ ತಡೆದು, “ಅಪ್ಪಾ, ನಮ್ಮ ಮನೆಯಲ್ಲಿಯೂ ಇಂಥವರು ಇದ್ದರೆ?” ಎಂದು ಕೇಳಿದಳು. ಇದ್ದರು. ನನ್ನ ಅಜ್ಜಿಯ ಅಕ್ಕ. ಕೆಂಪು ಸೀರೆಯ ಸೆರಗನ್ನು ಬೋಳುತಲೆಯ ಮೇಲೆ ಹೊದ್ದು, ಮನೆಗೆಲ್ಲ ಮಡಿಯಲ್ಲಿ ಅಡುಗೆ ಮಾಡಿ, ತಾವು ಒಪ್ಪೊತ್ತು ಉಣ್ಣುತ್ತಿದ್ದರು. ಶಾಲೆಯಿಂದ ಬಂದ ನನಗೆ ದಿನವೂ ಹುರಿಗಡಲೆ, ಬೆಲ್ಲ ಕೊಡುತ್ತಿದ್ದರು. ಇದನ್ನೆಲ್ಲ ಮಗಳಿಗೆ ಹೇಳಿದೆನು. ಆಗ ಅವಳು, “ಅವರ ಹೆಸರೇನು?” ಎಂದಳು.

ನನ್ನ ಬಳಿ ಉತ್ತರವಿರಲಿಲ್ಲ. ನಾವೆಲ್ಲರೂ ಅವರನ್ನು ‘ಮಡಿಯಜ್ಜಿ’ ಎಂದೇ ಕರೆದೆವು. ಚಾಲುಕ್ಯ, ಹೊಯ್ಸಳರ ವಂಶಾವಳಿಗಳನ್ನು ಮೂವತ್ತು ವರ್ಷಗಳ ಕಾಲ ಮಕ್ಕಳಿಂದ ಬಾಯಿಪಾಠ ಮಾಡಿಸಿದವನು, ಹತ್ತು ವರ್ಷ ತನಗೆ ಅನ್ನವಿಕ್ಕಿದವರ ಹೆಸರನ್ನು ಕೇಳಿ ತಿಳಿದುಕೊಂಡಿರಲಿಲ್ಲ. ಬಲ್ಲವರು ಈಗ ಯಾರೂ ಉಳಿದಿಲ್ಲ.

ಆದುದರಿಂದ ಪ್ರಿಯ ವಾಚಕರೇ, ಈ ಪುಸ್ತಕಗಳನ್ನು ಊರಿನ ಗ್ರಂಥಭಂಡಾರದಿಂದಲಾದರೂ ತನ್ನಿರಿ. ರಾತ್ರಿಯ ಊಟವಾದ ಮೇಲೆ ಒಬ್ಬರು ಓದಿ, ಉಳಿದವರು ಕೇಳಿರಿ. ಮನೆಯಲ್ಲಿ ಹಿರಿಯರಿದ್ದರೆ ನಡುವೆ ನಿಲ್ಲಿಸಿ, “ನಿಮ್ಮ ಕಾಲದಲ್ಲಿಯೂ ಹೀಗೆಯೇ ಇತ್ತೆ?” ಎಂದು ವಿಚಾರಿಸಿರಿ. ಅವರು ಹೇಳಿದುದನ್ನು ಬರೆದಿಡಿರಿ. ಮೊದಲ ಸಾಲಿನಲ್ಲಿ ಅವರ ಹೆಸರನ್ನು ಬರೆಯಿರಿ.