ಸೂರುನೀರಿನ ಹಾದಿ

ವರ್ಷವೊಂದಕ್ಕೆ ಸುಮಾರು 3,500 ಮಿಲಿಮೀಟರು ಮಳೆ ಸುರಿಯುವ ಮಂಗಳೂರಿನಲ್ಲಿಯೂ, ಅದರ ಇಮ್ಮಡಿಯಷ್ಟನ್ನು ಕಾಣುವ ಆಗುಂಬೆಯಲ್ಲಿಯೂ, ಮನೆ ಕಟ್ಟಹೊರಟವನು ಗೋಡೆಗಿಂತ ಮೊದಲು ಚಿಂತಿಸಬೇಕಾದದ್ದು ನೀರಿನ ಗತಿಯನ್ನು. ಒಂದು ಚದರ ಮೀಟರು ಜಾಗದ ಮೇಲೆ ಒಂದು ಮಿಲಿಮೀಟರು ಮಳೆ ಬಿದ್ದರೆ ಒಂದು ಲೀಟರು ನೀರಾಗುತ್ತದೆ. ಆ ಲೆಕ್ಕದಂತೆ 100 ಚದರ ಮೀಟರಿನ ಮಾಡಿನ ಮೇಲೆ ಆಷಾಢದ ಒಂದೇ ಹಗಲಿರುಳಿನಲ್ಲಿ 100 ಮಿಲಿಮೀಟರು ಸುರಿಯಿತೆಂದರೆ, 10,000 ಲೀಟರು ನೀರು ಸೂರಿನಿಂದಿಳಿದು ಪಂಚಾಂಗದ ಬುಡಕ್ಕೆ ಬಂದು ನಿಲ್ಲುತ್ತದೆ. ಕರಾವಳಿ, ಮಲೆನಾಡುಗಳ ಹಳೆಯ ಮನೆಯ ಆಕೃತಿಯೆಲ್ಲವೂ ಈ ನೀರಿಗೆ ದಾರಿ ಹುಡುಕುವ ಪ್ರಯತ್ನದಲ್ಲಿಯೇ ರೂಪುಗೊಂಡಿತೆಂಬುದು ನನ್ನ ದೃಢವಾದ ನಂಬಿಕೆ.

ಅಡಕೆಯ ಸೋಗೆಯನ್ನೋ ಹುಲ್ಲನ್ನೋ ಹೊದೆಸುತ್ತಿದ್ದ ಕಾಲದಲ್ಲಿ ಮಾಡು ಕಡಿದಾಗಿರುವುದು ಅನಿವಾರ್ಯವಾಗಿತ್ತು. ನೀರು ತಂಗಿದರೆ ಹೊದಿಕೆ ಕೊಳೆಯುವುದು, ಕೊಳೆತ ಹೊದಿಕೆಯ ಕೆಳಗೆ ಮಣ್ಣಿನ ಗೋಡೆ ಕರಗುವುದು. ಆದಕಾರಣ ಸೂರನ್ನು ಗೋಡೆಯಿಂದ ಸಾಕಷ್ಟು ಹೊರಚಾಚಿ, ಅದರಡಿಯಲ್ಲಿ ಜಗಲಿಯನ್ನೆತ್ತರಿಸಿ, ಸೂರುನೀರು ಬೀಳುವ ಗೆರೆಗುಂಟ ಕಲ್ಲು ಹಾಸಿ ಕೆಸರು ಸಿಡಿಯದಂತೆ ಮಾಡಿ, ಗಾಳಿಮಳೆ ಅಪ್ಪಳಿಸುವ ದಿಕ್ಕಿಗೆ ಮುಂಗಾರಿಗೆ ಮುನ್ನವೇ ಸೋಗೆಯ ತಟ್ಟಿಯನ್ನು ಕಟ್ಟುತ್ತಿದ್ದರು. ಜಗಲಿಯನ್ನು ಅತಿಥಿಸತ್ಕಾರದ ತಾಣವೆಂದು ಕೊಂಡಾಡುವ ನಾವು, ಗೋಡೆಯನ್ನು ಮಳೆಯಿಂದ ದೂರವಿರಿಸಿದ ಅದರ ಉಪಕಾರವನ್ನು ಅಷ್ಟಾಗಿ ನೆನೆಯುವುದಿಲ್ಲ.

ಇದಕ್ಕಿಂತ ಸೂಕ್ಷ್ಮವಾದ ಜಾಣ್ಮೆ ತೊಟ್ಟಿಮನೆಯದು. ನಾಲ್ಕು ಕಡೆಯ ಮಾಡುಗಳೂ ಒಳಮುಖವಾಗಿ ಇಳಿದು ನಡುವಣ ತೊಟ್ಟಿಗೆ ನೀರು ಸುರಿಸುವುದೆಂದರೆ ಮಳೆಯನ್ನು ಮನೆಯ ಗರ್ಭಕ್ಕೇ ಬರಮಾಡಿಕೊಂಡಂತೆ. ಆ ಧೈರ್ಯಕ್ಕೆ ಆಧಾರವಾದದ್ದು ನೆಲದಡಿಯಲ್ಲಿ ಹಾಯ್ದು ಹೊರಗೆ ತೆರೆದುಕೊಳ್ಳುವ ತೂಬು. ತೊಟ್ಟಿಯ ಹಾಸುಗಲ್ಲುಗಳನ್ನು ಕಣ್ಣಿಗೆ ಕಾಣದಷ್ಟು ನವಿರಾಗಿ ಅದರ ಬಾಯಿಯೆಡೆಗೆ ವಾಲಿಸಿದ ಕಲ್ಲುಕುಟಿಗನ ಕೈಗೆ ಯಾವ ಉಪಕರಣವಿತ್ತು? ಒಂದು ತಂಬಿಗೆ ನೀರನ್ನು ಚೆಲ್ಲಿ ಅದು ಹರಿಯುವ ಪರಿಯನ್ನು ನೋಡುವುದೇ ಸಾಕಾದ ಪರೀಕ್ಷೆ. ಎರಡು ಮಾಡುಗಳು ಕೂಡುವ ಒಳಮೂಲೆಯಲ್ಲಿ ಧಾರೆ ದಪ್ಪವಾಗಿ ಬೀಳುವೆಡೆ ಕೊಪ್ಪರಿಗೆಯನ್ನಿಟ್ಟು ಬಳಕೆಗೆ ನೀರು ಹಿಡಿಯುವರು. ಮಿಕ್ಕದ್ದು ತೂಬಿನ ಮೂಲಕ ಹಿತ್ತಿಲಿಗೆ, ಅಲ್ಲಿಂದ ತೋಟದ ಕಾದಿಗೆಗೆ, ಕಾದಿಗೆಯಿಂದ ಹಳ್ಳಕ್ಕೆ. ತೂಬಿನ ಬಾಯಿಗೆ ಎಲೆಕಸ ಸಿಕ್ಕಿಕೊಂಡರೆ ನೀರು ನಡುಮನೆಗೇ ಏರುವುದಾದ್ದರಿಂದ, ಅದನ್ನು ಬಿಡಿಸುವ ಕೆಲಸ ಮಳೆಗಾಲದ ಮನೆವಾರ್ತೆಯಲ್ಲಿ ಒಂದಾಗಿತ್ತು. ಗುಡ್ಡವನ್ನು ಕಡಿದು ಮನೆಯಿಟ್ಟ ಕಡೆಗಳಲ್ಲಿ ಇನ್ನೊಂದು ಎಚ್ಚರವೂ ಬೇಕಿತ್ತು: ಹಿಂಬದಿಯ ಧರೆಯ ಮೇಲ್ಗಡೆ ಅಡ್ಡಲಾಗಿ ಕಣಿ ತೋಡಿ, ಗುಡ್ಡದ ನೀರು ಧರೆಯೊಳಕ್ಕೆ ಇಂಗದಂತೆ ಅದನ್ನು ಮನೆಯ ಎರಡು ಪಕ್ಕಗಳಿಗೆ ತಿರುಗಿಸುವುದು. ನೀರು ಕುಡಿದು ಭಾರವಾದ ಮಣ್ಣು ಜಾರುತ್ತದೆಯೆಂಬುದನ್ನು ಹಿಂದಿನವರು ಗ್ರಂಥಗಳಿಂದ ಕಲಿತವರಲ್ಲ.

ಸೋಗೆ, ಹುಲ್ಲುಗಳ ತರುವಾಯ ನಾಡಹೆಂಚು ಬಂದಿತು; ಆದರೆ ಬೆಕ್ಕು, ಮಂಗಗಳ ಓಡಾಟಕ್ಕೆ ಅದು ಸರಿಯುತ್ತಿದ್ದುದರಿಂದ ವರ್ಷವರ್ಷವೂ ಕೈಯಾಡಿಸಬೇಕಾಗಿತ್ತು. ನಿಜವಾದ ಪರಿವರ್ತನೆ 1865ರದು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು, ಮತಾಂತರಗೊಂಡು ಕುಲಕಸುಬಿನಿಂದ ದೂರವಾದವರಿಗೆ ಜೀವನೋಪಾಯ ಕಲ್ಪಿಸಬೇಕೆಂದು ಹಲವು ಉದ್ಯಮಗಳನ್ನಾರಂಭಿಸಿದರು. ಅವುಗಳಲ್ಲೊಂದಾಗಿ ಮಿಷನ್ನಿನ ಜಾರ್ಜ್ ಪ್ಲೆಬ್‌ಸ್ಟ್ ಆ ವರ್ಷ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಸ್ಥಾಪಿಸಿದನು. ನದಿಯ ದಡದ ಜೇಡಿಯನ್ನು ಅಚ್ಚೊತ್ತಿ ಸುಟ್ಟ ಈ ಹೆಂಚಿನ ಏಣು ಪಕ್ಕದ ಹೆಂಚಿನ ಕಾಲುವೆಯಲ್ಲಿ ಕೂರುತ್ತದೆ. ಬೆನ್ನಿನ ಗುಬುಟು ರೀಪನ್ನು ಹಿಡಿಯುತ್ತದೆ. ಬಿದ್ದ ಹನಿ ಒಳಕ್ಕೆ ನುಸುಳಲು ಎಡೆಯಿಲ್ಲದೆ ಕೆಳಗಣ ಹೆಂಚಿನ ಮೇಲಕ್ಕೆ ಜಾರುತ್ತದೆ. ಇಷ್ಟು ಅಚ್ಚುಕಟ್ಟಾದ ವಸ್ತು ನಮ್ಮ ಮಳೆಗೆ ಮತ್ತೊಂದು ದೊರೆತಿಲ್ಲವೆಂದೇ ಹೇಳುತ್ತೇನೆ. ಆದರೆ ಸೋಗೆಯಂತೆ ತಡೆತಡೆದು ತೊಟ್ಟಿಕ್ಕದೆ ಹೆಂಚಿನಿಂದ ನೀರು ರಭಸವಾಗಿ ಧುಮುಕುವುದರಿಂದ, ಸೂರಿನಡಿಯ ನೆಲಕ್ಕೆ ಹೆಚ್ಚಿನ ಬಿಗಿ ಬೇಕಾಯಿತು. ಅಂಗಳದ ಅಂಚಿಗೆ ಕಲ್ಲಿನ ಚರಂಡಿ, ಸೂರಿಗೆ ಅಡಕೆಮರವನ್ನು ಸೀಳಿ ತಿರುಳು ತೆಗೆದ ದಂಬೆ, ಅನಂತರ ತಗಡಿನ ದೋಣಿ, ಇವೆಲ್ಲ ಹೆಂಚಿಗೆ ಒದಗಿಬಂದವು.

ತರುವಾಯ ಬಂದ ಕಾಂಕ್ರೀಟಿನ ತಾರಸಿ ಈ ಪರಂಪರೆಯನ್ನು ಒಮ್ಮೆಗೇ ಮರೆಯಿತು. ಸಮತಟ್ಟಾದ ಅದರ ಮೇಲೆ ನೀರು ನಿಂತು ಪಾಚಿಗಟ್ಟಿತು. ಸೂರೇ ಇಲ್ಲವಾದುದರಿಂದ ಕಿಟಕಿಯ ಮೇಲಣ ಗೇಣಗಲದ ಸಜ್ಜದ ಹೊರತು ಗೋಡೆಗೆ ಮರೆಯಿಲ್ಲದಾಯಿತು. ಈಗ ಊರೂರಿನಲ್ಲಿ ತಾರಸಿಗಳ ಮೇಲೆ ಕಬ್ಬಿಣದ ಕಂಬಗಳನ್ನು ನಿಲ್ಲಿಸಿ ಶೀಟಿನ ಮಾಡನ್ನು ಹೊದೆಸುತ್ತಿರುವುದು ತಡವಾಗಿ ಬಂದ ವಿವೇಕವಾದರೂ ವಿವೇಕವೇ ಸರಿ. ಅಡಕೆ ಒಣಗಿಸುವುದಕ್ಕೂ ಅದು ಒದಗುತ್ತಿದೆ. ಆದರೆ ಮೇಲಿನ ಇಳಿಜಾರನ್ನು ಮರಳಿ ತಂದವರು ಕೆಳಗಿನ ದಾರಿಯನ್ನು ಮರಳಿ ತಂದಿಲ್ಲ. ಎರಡು ಅಂತಸ್ತಿನಷ್ಟು ಎತ್ತರದಿಂದಿಳಿಯುವ ನೀರು ಇಂಟರ್‌ಲಾಕ್ ಹಾಸಿದ ಅಂಗಳದ ಮೇಲೆ ಬಿದ್ದು, ಇಂಗಲು ಮಣ್ಣು ಕಾಣದೆ, ಹರಿಯಲು ಕಣಿ ಕಾಣದೆ, ನೆರೆಮನೆಯ ಪಾಗಾರದ ಬುಡಕ್ಕೋ ರಸ್ತೆಗೋ ನುಗ್ಗುತ್ತದೆ. ಜೆಸಿಬಿಯಿಂದ ನೆಟ್ಟಗೆ ಕಡಿದ ಧರೆಗಳ ಮೇಲೆ ಅಡ್ಡಗಣಿ ತೋಡಿಸುವವರು ಇಂದು ವಿರಳ. ಒಂದೆರಡು ಆಳುಗಳು ಒಂದು ದಿನದಲ್ಲಿ ಮುಗಿಸಬಹುದಾದ ಆ ಕೆಲಸವನ್ನು ಮನೆಯ ಅಂದಾಜುಪಟ್ಟಿಯಲ್ಲಿ ಸೇರಿಸುವ ಗುತ್ತಿಗೆದಾರರನ್ನು ನಾನು ಕಂಡದ್ದು ಅಪರೂಪ. ಸೇರಿಸಿರೆಂದು ಕೇಳುವ ಯಜಮಾನರನ್ನು ಕಂಡದ್ದು ಇನ್ನೂ ಅಪರೂಪ.